ಮೊದಲ ಸಂಪುಟದ ಬೆನ್ನು

ಜಪಾನಿನ ಆ ಚಿತ್ರಪುಸ್ತಕಕ್ಕೆ
ಬಲಗಡೆಯಿಂದ ಬಾಗಿಲು.
ನಮಗೆ ಹಿಂಬದಿಯ ರಟ್ಟು ಇರುವಲ್ಲಿ
ಅವರಿಗೆ ಮೊದಲ ಪುಟ.
ತಪ್ಪಿ ತೆರೆದವರಿಗೆ ‘ನಿಲ್ಲಿ, ಇದು ಹಿತ್ತಿಲು’ ಅನ್ನುವಂಥ
ಒಂದು ಹಾಳೆ ಇತ್ತು. ಎರಡೇ ತಿಂಗಳಲ್ಲಿ ಕಿತ್ತುಬಂತು.

ಬೆನ್ನು ಮುರಿದದ್ದು ಆಷಾಢದಲ್ಲಿ.
ಚಾಮುಂಡಿಪುರದ ಮೂರು ಹುಡುಗಿಯರು
ಒಂದೇ ಸ್ಕೂಟರಿನ ಮೇಲೆ ಒಟ್ಟಿಗೆ ಓದಿದರಂತೆ.
ಮಂಡಿ ಮೊಹಲ್ಲಾದ ಗೌಸ್ ಸಾಹೇಬರಿಗೆ ಕೊಟ್ಟೆ.
ಬುಧವಾರ ವಾಪಸ್ಸು ಬಂತು:
ಖಾಕಿ ರಟ್ಟು, ಹಸಿರು ಬಟ್ಟೆಯ ಬೆನ್ನು,
ಮೈದಾ ಅಂಟಿನ ಹುಳಿ ವಾಸನೆ,
ಅಂಚು ಕತ್ತರಿಸಿದ್ದರಲ್ಲಿ ಪುಟಸಂಖ್ಯೆ ಅರ್ಧರ್ಧ ಮಾಯ,
ಮತ್ತು ಹೊಲಿಗೆ ಎಡಗಡೆಗೆ.
ಅಚ್ಚುಕಟ್ಟಾಗಿ. ಕನ್ನಡ ಪುಸ್ತಕದ ಹಾಗೆ.

ನಾನು ನೋಡಲಿಲ್ಲ. ಶಿವರಾಂಪೇಟೆಯ ನನ್ನ ಮಹಡಿ ಲೈಬ್ರರಿಗೆ,
ಕೆಳಗಿನ ಊದುಬತ್ತಿ ಗೋಡೌನಿನ ಘಾಟಿಗೆ,
ದಿನಕ್ಕೆ ಐದು ರೂಪಾಯಿಯ ಬಾಡಿಗೆಗೆ
ಹಾಗೇ ಬಿಟ್ಟುಬಿಟ್ಟೆ.

ಈಗ ಕಥೆ ಹೀಗೆ.
ಕೊಡೆ ಕಂಪನಿಯ ಲೆಕ್ಕದ ವಿಭಾಗ.
ಎತ್ತಿದ ಕೂಡಲೇ ಫೈಲುಕೋಣೆಯ ಕತ್ತಲಲ್ಲಿ ಮುತ್ತು.
ಆಮೇಲೆ ಕೈ ಬಿಡುತ್ತಾರೆ. ಆಮೇಲೆ ನಾಚುತ್ತಾರೆ.
ನಡುವೆ ಎಲ್ಲೋ ಅವನ ಡಬ್ಬಿಯ ಅನ್ನ
ಅವಳ ತಟ್ಟೆಯಿಂದ ಅವನ ಡಬ್ಬಿಗೇ ಹಿಂತಿರುಗುತ್ತದೆ,
ಒಂದು ಮೀನಿನ ತುಂಡೂ ಸಹ.
ಮಳೆ ನಿಂತಿರುತ್ತದೆ, ಆಮೇಲೆ ಜೋರಾಗುತ್ತದೆ,
ಆಮೇಲೆ ಮೋಡ ಕವಿಯುತ್ತದೆ.
ಕೊನೆಗೆ ಲಿಫ್ಟು. ಅವನು ತಲೆ ಬಾಗಿಸಿ,
‘ಇವತ್ತೇ ಸೇರಿದೆ. ತಮ್ಮ ಹೆಸರು?’

ನರ್ಸು ಶಿವರುದ್ರಮ್ಮ ರಾತ್ರಿ ಪಾಳಿಯಲ್ಲಿ ಎರಡು ಸಲ ಓದಿದರು.
‘ಮೊದಲ ಸಲ ನಗು ಬಂತು. ಎರಡನೇ ಸಲ ಬರಲಿಲ್ಲ.
ಅಲ್ಲ, ಆಕೆ ಮೇಲಧಿಕಾರಿ ತಾನೆ?
ಒಬ್ಬರಿಗೂ ರಜಾ ಕೊಟ್ಟದ್ದು ಕಾಣೆ.’

ವೀಳ್ಯದೆಲೆ ಮಂಡಿಯ ಗುಮಾಸ್ತ ಪುಟ್ಟಮಾದಯ್ಯ
ಇಂಗ್ಲಿಷ್ ಗುಳ್ಳೆಗಳನ್ನು ದಾಟಿ ಚಿತ್ರ ಮಾತ್ರ ನೋಡಿದರು.
‘ಲೆಕ್ಕದ ವಿಭಾಗ ಅಂತೀರಿ,
ಒಂದು ವೋಚರಾದರೂ ಬೇಡವಾ?’

ವರ್ಷಿಣಿ ಮೆಟ್ಟಿಲ ಮೇಲೇ ಕೂತು ನಕ್ಕಳು, ಬಿಕ್ಕಳಿಕೆ ಹತ್ತುವ ತನಕ.
‘ಉಲ್ಟಾ ಹೊಲಿಸಿದೀರ ಆಂಟಿ! ಇದು ಕಾಮಿಡಿ,
ನೀವು ಡೈವೋರ್ಸ್ ಮಾಡಿಟ್ಟಿದೀರ.’

ರೈಲ್ವೆ ವರ್ಕ್‌ಶಾಪಿನ ಅಂತೋಣಿರಾಜ್ ಮಾತ್ರ
ಪುಸ್ತಕವನ್ನು ಕೌಂಟರಿನ ಮೇಲೆ ಮೆಲ್ಲಗೆ ಇಟ್ಟರು.
‘ಮೊದಲು ಮುತ್ತು. ಆಮೇಲೆ ಡಬ್ಬಿ ವಾಪಸ್ಸು.
ಆಮೇಲೆ, ನಿಮ್ಮ ಹೆಸರೇನು.
ನಮ್ಮ ಮನೆ ವಿಷಯ ಇವರಿಗೆ ಯಾರು ಹೇಳಿದ್ದು?’
ನಾನು ಇದು ಬೈಂಡಿಂಗಿನ ತಪ್ಪು ಅನ್ನಲು ಬಾಯಿ ತೆರೆದೆ.
ತಡ ಬಾಕಿ ಹದಿನೈದು ರೂಪಾಯಿ ಅಂದೆ.

ಮಾರ್ಜಿನ್ನಿನಲ್ಲಿ ಪೆನ್ಸಿಲ್ಲು: ಅವನು ಹೇಳಬಾರದಿತ್ತಾ.
ಕೆಳಗೆ ಬೇರೆ ಕೈ: ಅವಳು ಕೇಳಬಾರದಿತ್ತಾ.
ಅದರ ಕೆಳಗೆ: ಪುಸ್ತಕದಲ್ಲಿ ಗೀಚಬಾರದು.
ಮೂರನೆಯದು ನನ್ನ ಅಕ್ಷರ.

ಗೌಸ್ ಸಾಹೇಬರು ನೂಲಿಗೆ ಮೇಣ ಸವರುತ್ತಿದ್ದರು.
‘ಗೊತ್ತಿತ್ತು ಮೇಡಂ. ನಮ್ಮ ಉರ್ದುವೂ ಅತ್ತಲಿಂದಲೇ ಬರೋದು.
ಸರಿಯಾಗೇ ಓದಿದೆ, ಪೂರ್ತಿ.
ಆದರೆ ನಿಮ್ಮ ಗಿರಾಕಿಗಳು ಎಡಗಡೆಯವರು ಅಂದ್ಕೊಂಡು
ಅವರ ಅನುಕೂಲಕ್ಕೆ ತಿರುಗಿಸಿದೆ.
ಬಿಚ್ಚಿ ಮತ್ತೆ ಹೊಲಿಯಲಾ?’

ಸರದಿಯಲ್ಲಿ ಹನ್ನೊಂದು ಜನ ಇದ್ದರು. ಬೇಡ ಅಂದೆ.
ಹೊರಟವಳು ನಿಂತು ಕೇಳಿದೆ: ನಿಮಗೆ ಹೇಗೆ ಅನ್ನಿಸ್ತು?
ಅವರು ಸೂಜಿಯನ್ನು ಅಂಗಿಯ ಪಟ್ಟಿಗೆ ಚುಚ್ಚಿಕೊಂಡರು.
‘ಆ ಮೇಡಮ್ಮಿನ ಮೇಜಿನ ಡ್ರಾಯರು ಇದೆಯಲ್ಲ,
ಕೆಳಗಿನದು. ಅರ್ಧ ತೆಗೆದೇ ಇರ್ತದೆ.
ಯಾರೂ ಮುಚ್ಚೋದಿಲ್ಲ.’

ಬಂದು ನೋಡಿದೆ. ನಿಜ.
ಅತ್ತಲಿಂದ ತಿರುವಿದರೂ, ಇತ್ತಲಿಂದ ತಿರುವಿದರೂ
ನೂರೆಂಬತ್ತು ಪುಟವೂ ಅದು ಅರ್ಧ ತೆಗೆದೇ ಇದೆ.
ಮೂರು ಸಲ ಓದಿದ್ದೆ ನಾನು.

ಹೊಲಿಗೆಯ ನಲವತ್ತು ರೂಪಾಯಿ ಇನ್ನೂ ಕೊಟ್ಟಿಲ್ಲ.
ಚಿಲ್ಲರೆ ಇರಲಿಲ್ಲ.
ಬುಧವಾರ ತನ್ನಿ, ಅಂದಿದ್ದಾರೆ.